ನಿಂತ ಪಿಕಪ್‌ಗೆ ಮೊದಲು ಬೇಕಾದದ್ದು ಬ್ಯಾಟರಿಯಲ್ಲ

ಪ್ರಶ್ನೆ: ನಾನು ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರ. ಪಕ್ಕದ ಊರಿನಲ್ಲಿ ಮೂರು ವರ್ಷದಿಂದ ಹಲಸಿನ ಮರದಡಿ ನಿಂತಿದ್ದ 2011ರ ಬೊಲೆರೊ ಪಿಕಪ್ ಕೊಂಡಿದ್ದೇನೆ. ಮಾಲೀಕರು ತೀರಿಕೊಂಡ ಮೇಲೆ ಯಾರೂ ಓಡಿಸಿಲ್ಲ. ಮಗ ಟಾರ್ಪಾಲ್ ಹೊದಿಸಿ ಜೋಪಾನವಾಗಿ ಇಟ್ಟಿದ್ದರು. ಗ್ಯಾರೇಜಿನವರು ಎಂಜಿನ್ ಇಳಿಸಲೇಬೇಕು ಎನ್ನುತ್ತಾರೆ. ಪವರ್ ಟಿಲ್ಲರ್, ಸ್ಪ್ರೇಯರ್‌ಗಳನ್ನು ನಾನೇ ಬಿಚ್ಚಿ ಜೋಡಿಸಿಕೊಳ್ಳುತ್ತೇನೆ. ಈ ಗಾಡಿಯನ್ನು ಮನೆಯಲ್ಲೇ ಸರಿಮಾಡಬಹುದೇ? ಹೊಸ ಬ್ಯಾಟರಿ ತಂದಿದ್ದೇನೆ. ಒಮ್ಮೆ ಸ್ಟಾರ್ಟ್ ಮಾಡಿ ನೋಡಲೇ?

ಉತ್ತರ: ಬೇಡ. ಬ್ಯಾಟರಿ ಇನ್ನೂ ಕೆಲವು ದಿನ ಮನೆಯೊಳಗೇ ಇರಲಿ. ನಿಮ್ಮ ಮೊದಲ ಪ್ರಶ್ನೆಗೆ ಮಾತ್ರ ಧೈರ್ಯವಾಗಿ ಹೌದು ಎನ್ನುತ್ತೇನೆ. ಟಿಲ್ಲರ್ ಬಿಚ್ಚಿ ಜೋಡಿಸುವ ಕೈಗೆ ಈ ಗಾಡಿಯ ಮುಕ್ಕಾಲು ಕೆಲಸ ಒಗ್ಗುತ್ತದೆ. ಉಳಿದ ಕಾಲು ಭಾಗ ಯಾವುದು, ಅದನ್ನು ಯಾರಿಗೆ ಕೊಡಬೇಕು ಎಂಬುದನ್ನೂ ಹೇಳುತ್ತೇನೆ.

ಗ್ಯಾರೇಜಿನವರು ಎಂಜಿನ್ ಇಳಿಸಲೇಬೇಕೆಂದು ಯಾವ ಆಧಾರದ ಮೇಲೆ ಹೇಳಿದರೋ ನಿಮ್ಮ ಪತ್ರದಲ್ಲಿಲ್ಲ. ಓಡಿ ಓಡಿ ಸವೆದ ಗಾಡಿ ಬೇರೆ, ನಿಂತು ನಿಂತು ಕೆಟ್ಟ ಗಾಡಿ ಬೇರೆ. ಓಡಿ ಸವೆದದ್ದರಲ್ಲಿ ಪಿಸ್ಟನ್ ರಿಂಗು, ಬೇರಿಂಗು, ಕ್ಲಚ್ ಪ್ಲೇಟು ಹೋಗಿರುತ್ತವೆ. ಅಲ್ಲಿ ಎಂಜಿನ್ ಇಳಿಸುವ ಮಾತಿಗೆ ಅರ್ಥವಿದೆ. ನಿಂತು ಕೆಟ್ಟದ್ದರಲ್ಲಿ ಹಾನಿ ಮಾಡಿರುವುದು ನೀರು. ಡೀಸೆಲ್ ಟ್ಯಾಂಕಿನ ತಳದಲ್ಲಿ ನೀರು, ಬ್ರೇಕ್ ಆಯಿಲ್‌ನಲ್ಲಿ ನೀರು, ಚಾಸಿಯ ಸಂದಿಗಳಲ್ಲಿ ನೀರು, ಎಂಜಿನ್ ಆಯಿಲ್‌ನ ಕೆಳಗೆ ನೀರು. ಮಲೆನಾಡಿನ ಮೂರು ಮಳೆಗಾಲ ಕಂಡ ಗಾಡಿಯಲ್ಲಿ ಇದನ್ನೇ ಹುಡುಕಬೇಕು. ಟಾರ್ಪಾಲ್ ಹೊದಿಸಿದ್ದನ್ನು ನೀವು ಒಳ್ಳೆಯದೆಂದು ಬರೆದಿದ್ದೀರಿ, ಅದು ಒಳ್ಳೆಯದಾಗಿಲ್ಲ. ಮೇಲಿನ ಮಳೆಯನ್ನು ಅದು ತಡೆದಿರಬಹುದು, ಆದರೆ ಕೆಳಗಿನ ಹಸಿ ಮಣ್ಣಿನಿಂದ ಏಳುವ ಆವಿಯನ್ನು ಗಾಡಿಯ ಹೊಟ್ಟೆಗೇ ಕಟ್ಟಿಹಾಕಿರುತ್ತದೆ. ನಾಲ್ಕು ಕಂಬ ನೆಟ್ಟು ಮೇಲೆ ಶೀಟು ಹೊದಿಸಿ ಸುತ್ತ ಗಾಳಿಯಾಡಲು ಬಿಟ್ಟಿದ್ದರೆ ಗಾಡಿ ಹೆಚ್ಚು ಚೆನ್ನಾಗಿ ಉಳಿಯುತ್ತಿತ್ತು.

ಕಾಗದದ ವಿಷಯ ಎರಡೇ ಮಾತಿನಲ್ಲಿ ಮುಗಿಸುತ್ತೇನೆ, ಆದರೆ ಸ್ಪ್ಯಾನರ್ ಹಿಡಿಯುವ ಮೊದಲೇ ಇದನ್ನು ಮುಗಿಸಿಕೊಳ್ಳಿ. ಆರ್‌ಸಿ ಇನ್ನೂ ತೀರಿಕೊಂಡವರ ಹೆಸರಿನಲ್ಲೇ ಇದ್ದರೆ ಮಗ ನೇರವಾಗಿ ನಿಮಗೆ ವರ್ಗಾಯಿಸಲಾರರು. ಮೊದಲು ನಮೂನೆ 31ರಲ್ಲಿ ವಾರಸುದಾರರ ಹೆಸರಿಗೆ, ಆಮೇಲೆ ನಮೂನೆ 29 ಮತ್ತು 30ರಲ್ಲಿ ನಿಮ್ಮ ಹೆಸರಿಗೆ ಬರಬೇಕು. ಹಳೆಯ ಸಾಲದ ನಮೂದು ಉಳಿದಿದ್ದರೆ ಸಾಲ ಕೊಟ್ಟವರ ಒಪ್ಪಿಗೆ ಪತ್ರ ಮತ್ತು ನಮೂನೆ 35 ಬೇಕು. ಎಂಟು ವರ್ಷ ದಾಟಿದ ಸರಕು ಗಾಡಿಗೆ ಎಫ್‌ಸಿ, ಅಂದರೆ ಓಡಲು ಯೋಗ್ಯವೆಂಬ ಪ್ರಮಾಣಪತ್ರ, ಪ್ರತಿ ವರ್ಷ ಮಾಡಿಸಬೇಕಾಗುತ್ತದೆ, ವಯಸ್ಸು ಏರಿದಂತೆ ಶುಲ್ಕವೂ ಏರುತ್ತದೆ. ಬಾಕಿ ತೆರಿಗೆ ಮತ್ತು ದಂಡಗಳನ್ನು ಸೇರಿಸಿ ಒಟ್ಟು ಎಷ್ಟಾಗುತ್ತದೆಂದು ಆರ್‌ಟಿಒ ಕಚೇರಿಯಲ್ಲಿ ಕೇಳಿ ತಿಳಿದುಕೊಂಡ ಮೇಲೆಯೇ ಮುಂದಿನ ಖರ್ಚಿಗೆ ಕೈಹಾಕಿ. ಚಾಸಿ ನಂಬರಿನ ಅಕ್ಷರಗಳನ್ನು ತುಕ್ಕು ತಿಂದಿದೆಯೇ ಎಂದೂ ನೋಡಿ. ಆ ಜಾಗವನ್ನು ಗ್ರೈಂಡರಿನಿಂದ ಉಜ್ಜಲೇಬೇಡಿ. ಬಟ್ಟೆಯಿಂದ ಒರೆಸಿ ಗ್ರೀಸ್ ಸವರಿದರೆ ಸಾಕು.

ಈಗ ಗಾಡಿಯ ಕೆಳಗೆ ಹೋಗೋಣ. ಹೋಗುವ ಮೊದಲು ಒಂದು ಮಾತನ್ನು ದಯವಿಟ್ಟು ಕೇಳಿ. ಜಾಕ್ ಇರುವುದು ಗಾಡಿಯನ್ನು ಎತ್ತುವುದಕ್ಕೆ, ಹಿಡಿದು ನಿಲ್ಲಿಸುವುದಕ್ಕಲ್ಲ. ನಮ್ಮ ಕಡೆ ಕೈಗೆ ಸಿಗುವುದು ಕೆಂಪು ಮುರಕಲ್ಲು ಅಥವಾ ಸಿಮೆಂಟ್ ಬ್ಲಾಕ್. ಎರಡೂ ನೋಡಲು ಗಟ್ಟಿ, ಆದರೆ ಒಂದು ಚೂಪಾದ ಬಿಂದುವಿನ ಮೇಲೆ ಭಾರ ಬಿದ್ದರೆ ಸುಳಿವು ಕೊಡದೆ ಪುಡಿಯಾಗುತ್ತವೆ. ನನ್ನ ಶೆಡ್ಡಿನಲ್ಲೇ ಒಮ್ಮೆ ಮುರಕಲ್ಲು ಒಡೆದು ಗಾಡಿ ಕುಸಿಯಿತು. ಹುಡುಗ ಆಗಷ್ಟೇ ಚಹಾ ಕುಡಿಯಲು ಹೊರಗೆ ಬಂದಿದ್ದ. ಅಂದಿನಿಂದ ನನ್ನ ಶೆಡ್ಡಿನಲ್ಲಿ ಕಬ್ಬಿಣದ ಸ್ಟ್ಯಾಂಡ್ ಅಥವಾ ಅಡ್ಡಡ್ಡ ಪೇರಿಸಿದ ಗಟ್ಟಿ ಮರದ ದಿಮ್ಮಿ ಬಿಟ್ಟು ಬೇರೇನನ್ನೂ ಇಡುವುದಿಲ್ಲ. ಬಿಚ್ಚಿದ ಚಕ್ರವನ್ನೂ ಚಾಸಿಯ ಕೆಳಗೆ ಮಲಗಿಸಿಡಿ. ನೆಲ ಮಣ್ಣಿನದಾದರೆ ಸ್ಟ್ಯಾಂಡಿನ ಅಡಿಗೆ ದಪ್ಪ ಹಲಗೆ ಹಾಕಿ.

ಚಾಸಿ ಎಂದರೆ ಉದ್ದಕ್ಕೆ ಎರಡು ಉಕ್ಕಿನ ತೊಲೆ, ನಡುವೆ ಅಡ್ಡಪಟ್ಟಿಗಳು. ಏಣಿಯನ್ನು ಮಲಗಿಸಿದ ಹಾಗೆ. ಒಂದು ಸಣ್ಣ ಸುತ್ತಿಗೆ ಹಿಡಿದು ಮುಂದಿನಿಂದ ಹಿಂದಿನವರೆಗೆ ಗೇಣಿಗೊಂದು ಪೆಟ್ಟು ಹಾಕುತ್ತ ಹೋಗಿ. ಗಟ್ಟಿ ಉಕ್ಕು ಠಣ್ಣೆನ್ನುತ್ತದೆ. ಒಳಗೆ ಪದರ ಪದರವಾಗಿ ತುಕ್ಕೆದ್ದ ಜಾಗ ಮಂಕಾಗಿ ದಬ್ಬೆನ್ನುತ್ತದೆ. ಅಲ್ಲಿ ಸ್ಕ್ರೂಡ್ರೈವರಿನ ತುದಿಯನ್ನು ಬಲವಾಗಿ ಒತ್ತಿ ನೋಡಿ. ಹಿಂದಿನ ಬ್ಲೇಡ್ ಸೆಟ್ (ಪಟ್ಟಿ ಸ್ಪ್ರಿಂಗುಗಳ ಕಟ್ಟು) ನೇತುಬೀಳುವ ಬ್ರಾಕೆಟ್‌ಗಳ ಸುತ್ತ, ಹಿಂದಿನ ಆಕ್ಸಲ್‌ನ ಮೇಲಿರುವ ಅಡ್ಡಪಟ್ಟಿಯ ಒಳಮೈಯಲ್ಲಿ, ಕ್ಯಾಬಿನ್ನಿನ ರಬ್ಬರ್ ಮೌಂಟ್‌ಗಳ ಕೆಳಗೆ ಹೆಚ್ಚು ಹೊತ್ತು ಕಳೆಯಿರಿ. ಹಲಸಿನ ಎಲೆಗಳು ಗಾಜಿನ ಕೆಳಗಿನ ಜಾಲರಿಯೊಳಗೆ ಸೇರಿ ಕೊಳೆತು ನೀರಿನ ದಾರಿ ಕಟ್ಟಿರುತ್ತವೆ. ಆ ನೀರು ಕ್ಯಾಬಿನ್ನಿನೊಳಗೆ ಇಳಿದಿದ್ದರೆ ಕಾಲಡಿಯ ಮ್ಯಾಟ್ ಎತ್ತಿದಾಗ ಗೊತ್ತಾಗುತ್ತದೆ.

ಮಗನನ್ನು ಒಂದು ಪ್ರಶ್ನೆ ಕೇಳಿ: ಅಪ್ಪ ಈ ಗಾಡಿಯಲ್ಲಿ ಏನು ಸಾಗಿಸುತ್ತಿದ್ದರು? ಹಾಲಿನ ಕ್ಯಾನೋ ಅಡಿಕೆ ಮೂಟೆಯೋ ಆಗಿದ್ದರೆ ಚಿಂತೆಯಿಲ್ಲ. ಮಲ್ಪೆ, ಮಂಗಳೂರಿನಿಂದ ಘಟ್ಟ ಹತ್ತುವ ಮೀನಿನ ಗಾಡಿಯಾಗಿದ್ದರೆ ಐಸ್ ಕರಗಿದ ಉಪ್ಪುನೀರು ವರ್ಷಗಟ್ಟಲೆ ಚಾಸಿಯ ಮೇಲೆ ತೊಟ್ಟಿಕ್ಕಿರುತ್ತದೆ; ಅಂಥ ಗಾಡಿಯನ್ನು ನಾನಾದರೆ ಪುಕ್ಕಟೆ ಕೊಟ್ಟರೂ ಯೋಚಿಸಿ ತೆಗೆದುಕೊಳ್ಳುತ್ತೇನೆ. ಪೊಟ್ಯಾಷ್ ಗೊಬ್ಬರವೂ ಉಪ್ಪಿನಂತೆಯೇ ಕಬ್ಬಿಣ ತಿನ್ನುತ್ತದೆ. ಇನ್ನು ಮೈಲುತುತ್ತದ (ತಾಮ್ರದ ಸಲ್ಫೇಟ್) ಬಗ್ಗೆ ಕೊಳೆರೋಗಕ್ಕೆ ಔಷಧಿ ಹೊಡೆಯುವ ನಿಮಗೆ ನಾನು ಹೇಳಬೇಕಾಗಿಲ್ಲ. ಅದನ್ನು ಕಬ್ಬಿಣದ ಪಾತ್ರೆಯಲ್ಲಿ ಕದಡಬಾರದೆಂದು ಗೊತ್ತಿರುವವರೇ ಅದರ ಡ್ರಮ್ಮುಗಳನ್ನು ಕಬ್ಬಿಣದ ಡೆಕ್ ಮೇಲೆ ತುಳುಕಿಸುತ್ತ ಸಾಗಿಸುತ್ತಾರೆ. ಚೆಲ್ಲಿದ ಕಡೆ ಕಬ್ಬಿಣ ಕರಗಿ ಅದರ ಜಾಗದಲ್ಲಿ ತಾಮ್ರ ಕೂರುತ್ತದೆ. ಡೆಕ್ಕಿನ ಮೂಲೆಗಳಲ್ಲಿ ನೀಲಿ ಹಸಿರು ಕಲೆ ಕಂಡರೆ ಅದರ ನೇರ ಕೆಳಗಿನ ಚಾಸಿಯನ್ನು ಎರಡು ಸಲ ನೋಡಿ. ಮುಂದೆ ನೀವು ಸಾಗಿಸುವಾಗ ಕೆಳಗೆ ದಪ್ಪ ರಬ್ಬರ್ ಮ್ಯಾಟ್ ಹಾಸಿ, ಸಂಜೆ ನೀರು ಹಾಕಿ ತೊಳೆಯಿರಿ.

ಮೇಲ್ಮೈಯ ತುಕ್ಕಾದರೆ ತಂತಿ ಬ್ರಷ್ಷಿನಿಂದ ಉಜ್ಜಿ, ತೊಳೆದು, ಪೂರ್ತಿ ಒಣಗಿಸಿ ರೆಡ್ ಆಕ್ಸೈಡ್ ಪ್ರೈಮರ್, ಅದರ ಮೇಲೆ ಚಾಸಿ ಬಣ್ಣ ಹೊಡೆಯಿರಿ. ಪೂರ್ತಿ ಒಣಗುವುದು ಎಂದರೆ ಮಲೆನಾಡಿನಲ್ಲಿ ಫೆಬ್ರುವರಿಯಿಂದ ಏಪ್ರಿಲ್‌ವರೆಗಿನ ಬಿಸಿಲಿಗೆ ಮಾತ್ರ ಸಾಧ್ಯ. ಮಳೆಗಾಲದಲ್ಲಿ ಹೊಡೆದ ಬಣ್ಣ ತನ್ನ ಕೆಳಗಿನ ತೇವವನ್ನು ಕಾಪಾಡಿಕೊಂಡೇ ಇರುತ್ತದೆ. ಸ್ಕ್ರೂಡ್ರೈವರ್ ಒಳಗೆ ಇಳಿದ ಜಾಗಕ್ಕೆ ಪುಟ್ಟಿ ಮೆತ್ತುವುದು, ತಗಡು ಅಂಟಿಸುವುದು ಎರಡೂ ಮೋಸ. ಅದು ನುರಿತ ವೆಲ್ಡರ್‌ನ ಕೆಲಸ. ಕೊಳೆತ ಭಾಗವನ್ನು ಗಟ್ಟಿ ಉಕ್ಕು ಸಿಗುವವರೆಗೆ ಕತ್ತರಿಸಿ ಅಷ್ಟೇ ದಪ್ಪದ ತುಂಡು ಕೂರಿಸಬೇಕು. ವೆಲ್ಡಿಂಗ್‌ಗೆ ಮೊದಲು ಬ್ಯಾಟರಿ ಮತ್ತು ಆಲ್ಟರ್ನೇಟರ್ ತಂತಿಗಳನ್ನು ಕಳಚಬೇಕು. ಬ್ಲೇಡ್ ಬ್ರಾಕೆಟ್‌ನ ಬುಡದಲ್ಲೇ ಎರಡೂ ಬದಿ ಕೊಳೆತಿದ್ದರೆ ಇಲ್ಲಿಗೇ ನಿಲ್ಲಿಸಿ, ಗಾಡಿಯನ್ನು ಬಿಡಿಭಾಗಕ್ಕೆ ಮಾರಿಬಿಡಿ. ಎಂಜಿನ್ ಬದಲಿಸಬಹುದು, ಗೇರ್‌ಬಾಕ್ಸ್ ಬದಲಿಸಬಹುದು. ಚಾಸಿ ಹೋದ ಗಾಡಿಯಲ್ಲಿ ಹಾಕಿದ ಪ್ರತಿ ರೂಪಾಯಿಯೂ ಗುಜರಿಗೆ ಹೋಗುತ್ತದೆ. ಚಾಸಿಗೆ ಸುಟ್ಟ ಎಂಜಿನ್ ಆಯಿಲ್ ಹೊಡೆಸುವ ರೂಢಿಯನ್ನು ಮಾತ್ರ ಬಿಡಿ. ಬುಷ್ ಮತ್ತು ಬ್ರೇಕ್ ಹೋಸ್‌ಗಳ ರಬ್ಬರ್ ಅದರಿಂದ ಉಬ್ಬಿ ಮೆತ್ತಗಾಗುತ್ತದೆ, ಉಳಿದ ಎಣ್ಣೆ ತೋಟದ ನೀರಿಗೆ ಸೇರುತ್ತದೆ.

ಚಾಸಿ ಗಟ್ಟಿಯಿದೆ ಎಂದಾದರೆ ಮುಂದಿನದು ಬ್ರೇಕ್. ಎಂಜಿನ್ ಅಲ್ಲ. ಗಾಡಿ ಓಡುವಂತಾದ ಕೂಡಲೇ ಮನುಷ್ಯನಿಗೆ ಓಡಿಸುವ ಆಸೆ ಹುಟ್ಟುತ್ತದೆ. ಆ ಆಸೆ ಹುಟ್ಟುವ ಮೊದಲೇ ಅದು ನಿಲ್ಲುವಂತಿರಬೇಕು. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ತಾನಾಗಿ ಹೀರಿಕೊಳ್ಳುವ ದ್ರವ. ಡಾಟ್ 4 ದರ್ಜೆಯ ಹೊಸ ಬ್ರೇಕ್ ದ್ರವ 230 ಡಿಗ್ರಿ ಸೆಲ್ಸಿಯಸ್‌ವರೆಗೂ ಕುದಿಯಬಾರದೆಂಬುದು ಮಾನದಂಡ. ನಿಗದಿತ ಪ್ರಮಾಣದ ತೇವ ಹೀರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ನೀವು ಅಡಿಕೆ ಹೇರಿಕೊಂಡು ಆಗುಂಬೆ ಘಾಟಿಯ ಹದಿನಾಲ್ಕು ತಿರುವು ಇಳಿಯುವಾಗ ಬ್ರೇಕ್‌ಗಳು ಎಷ್ಟು ಕಾಯುತ್ತವೆಂದು ನಿಮಗೇ ಗೊತ್ತು. ಪೈಪಿನೊಳಗಿನ ನೀರು ಕುದಿದು ಆವಿಯಾದರೆ ಪೆಡಲ್ ನೆಲಕ್ಕೆ ತಾಗುತ್ತದೆ, ಗಾಡಿ ನಿಲ್ಲುವುದಿಲ್ಲ. ಹಾಗಾಗಿ ಹಳೆಯ ದ್ರವದ ಮೇಲೆ ಹೊಸದನ್ನು ತುಂಬಬೇಡಿ, ಒಂದು ಹನಿಯೂ ಉಳಿಯದಂತೆ ಹೊರಹಾಕಿ.

ನಾಲ್ಕೂ ಚಕ್ರ ಬಿಚ್ಚಿ. ಹಿಂದಿನ ಬ್ರೇಕ್ ಡ್ರಮ್ ಒಳಗಿನ ಲೈನರಿಗೆ ತುಕ್ಕಿನಿಂದ ಅಂಟಿಕೊಂಡಿರುತ್ತದೆ. ಹ್ಯಾಂಡ್‌ಬ್ರೇಕ್ ಸಡಿಲಿಸಿ, ಅಡ್ಜಸ್ಟರ್ ಹಿಂದಕ್ಕೆ ತಿರುಗಿಸಿ, ಅಂಚಿನ ಸುತ್ತ ಸಮವಾಗಿ ತಟ್ಟಿ ಬಿಡಿಸಿ. ಒಂದೇ ಕಡೆ ಬಡಿದರೆ ಡ್ರಮ್ ಸೀಳುತ್ತದೆ. ವೀಲ್ ಸಿಲಿಂಡರಿನ ರಬ್ಬರ್ ಟೋಪಿ ಎತ್ತಿ ನೋಡಿ. ಒಳಗೆ ಕಂದು ಕೆಸರಿದ್ದರೆ ಬರೀ ರಬ್ಬರ್ ಕಿಟ್ ಹಾಕಿ ಉಳಿಸಲು ಹೋಗಬೇಡಿ, ಸಿಲಿಂಡರನ್ನೇ ಬದಲಿಸಿ. ತುಕ್ಕು ಕೊರೆದ ಗೋಡೆಯ ಮೇಲೆ ಹೊಸ ರಬ್ಬರ್ ಕೆಲವೇ ದಿನದಲ್ಲಿ ಹರಿಯುತ್ತದೆ. ಮುಂದಿನ ಕ್ಯಾಲಿಪರ್ ಪಿಸ್ಟನ್ನಿಗೂ ಇದೇ ಮಾತು. ರಬ್ಬರ್ ಹೋಸ್‌ಗಳನ್ನು ಮುಲಾಜಿಲ್ಲದೆ ಬದಲಿಸಿ. ಹೊರಗೆ ಚೆನ್ನಾಗಿ ಕಂಡರೂ ಒಳಪದರ ಊದಿ ದಾರಿ ಮುಚ್ಚಿರುವುದುಂಟು, ಆಗ ಪೆಡಲ್ ಬಿಟ್ಟರೂ ಆ ಚಕ್ರ ಹಿಡಿದೇ ಇರುತ್ತದೆ. ಚಾಸಿಯ ಗುಂಟ ಹೋಗುವ ಉಕ್ಕಿನ ಪೈಪುಗಳಲ್ಲಿ ಕ್ಲಿಪ್ ಇರುವ ಕಡೆ ಮಣ್ಣು ಕೂತು ಒಳಗೊಳಗೇ ತುಕ್ಕು ಹಿಡಿದಿರುತ್ತದೆ. ಉಗುರಿನಿಂದ ಕೆರೆದರೆ ಗುಳಿ ಸಿಕ್ಕಿತೋ, ಇಡೀ ಪೈಪ್ ಹೊಸದು ಹಾಕಿಸಿ. ಮಧ್ಯೆ ಕತ್ತರಿಸಿ ಬೆಸುಗೆ ಹಾಕಿಕೊಡುತ್ತೇನೆ ಎನ್ನುವವರಿಂದ ದೂರವಿರಿ.

ಗಾಳಿ ತೆಗೆಯುವಾಗ ಮಾಸ್ಟರ್ ಸಿಲಿಂಡರಿಗೆ ಅತಿ ದೂರದ ಚಕ್ರದಿಂದ ಆರಂಭಿಸಿ: ಹಿಂದಿನ ಎಡ, ಹಿಂದಿನ ಬಲ, ಮುಂದಿನ ಎಡ, ಕೊನೆಗೆ ಮುಂದಿನ ಬಲ. ಮನೆಯವರೊಬ್ಬರು ಪೆಡಲ್ ಒತ್ತಲು ಕೂರಬೇಕಾಗುತ್ತದೆ. ಕೆಲಸ ಮುಗಿದ ಮೇಲೆ ಪೂರ್ತಿ ಬಲ ಹಾಕಿ ಪೆಡಲ್ ಒತ್ತಿ ಅರ್ಧ ನಿಮಿಷ ಹಿಡಿಯಿರಿ. ಮೆಲ್ಲಗೆ ಕೆಳಗಿಳಿದರೆ ಎಲ್ಲೋ ಸೋರುತ್ತಿದೆ, ಇಲ್ಲವೇ ಮಾಸ್ಟರ್ ಸಿಲಿಂಡರಿನ ಒಳಗೇ ದ್ರವ ಹಿಂದಕ್ಕೆ ಜಾರುತ್ತಿದೆ. ಚಕ್ರ ಬಿಚ್ಚಿದ ಗಳಿಗೆಯಲ್ಲೇ ಮುಂದಿನ ಹಬ್ ಬೇರಿಂಗುಗಳನ್ನು ಡೀಸೆಲ್‌ನಲ್ಲಿ ತೊಳೆದು ಹೊಸ ಗ್ರೀಸ್ ತುಂಬಿ. ನಿಂತಲ್ಲೇ ನಿಂತ ಬೇರಿಂಗಿನ ರೋಲರುಗಳ ಮೇಲೆ ಅಡ್ಡ ಗೆರೆಯಂಥ ತುಕ್ಕಿನ ಗುರುತು ಕಂಡರೆ ಅದು ತೊಳೆದರೆ ಹೋಗುವುದಲ್ಲ, ಬೇರಿಂಗ್ ಬದಲಿಸಿ.

ಟೈರಿನ ಪಕ್ಕದ ಗೋಡೆಯ ಮೇಲೆ ನಾಲ್ಕು ಅಂಕಿ ಇರುತ್ತವೆ. 2314 ಎಂದಿದ್ದರೆ 2014ರ 23ನೇ ವಾರದಲ್ಲಿ ತಯಾರಾದದ್ದು. ಕಚ್ಚು ಎಷ್ಟೇ ಉಳಿದಿರಲಿ, ಬಿರುಕು ಬಿಟ್ಟ ಹಳೆಯ ಟೈರಿನಲ್ಲಿ ಹೇರು ಹೊರಿಸಬೇಡಿ.

ಈಗ ಎಂಜಿನ್. ನೀರು ಎಣ್ಣೆಗಿಂತ ಭಾರ, ತಳದಲ್ಲಿ ಕೂರುತ್ತದೆ. ಹಾಗಾಗಿ ಎಂಜಿನ್ ತಣ್ಣಗಿರುವಾಗಲೇ, ಗಾಡಿಯನ್ನು ಅಲುಗಾಡಿಸದೆ, ಸಂಪಿನ (ಎಂಜಿನ್ ತಳದ ಎಣ್ಣೆ ತಟ್ಟೆ) ಡ್ರೈನ್ ಬೋಲ್ಟನ್ನು ನಿಧಾನವಾಗಿ ಸಡಿಲಿಸಿ, ಮೊದಲು ಬರುವುದನ್ನು ಗಾಜಿನ ಬಾಟಲಿಯಲ್ಲಿ ಹಿಡಿಯಿರಿ. ಕಪ್ಪು ಎಣ್ಣೆಯೇ ಬಂದರೆ ಒಳ್ಳೆಯದು. ಒಂದೆರಡು ಚಮಚ ನೀರು ಬಂದು ಆಮೇಲೆ ಎಣ್ಣೆ ಬಂದರೆ ಅದು ತೇವ ಹನಿಗಟ್ಟಿದ್ದಿರಬಹುದು. ಲೋಟಗಟ್ಟಲೆ ನೀರು ಬಂದರೆ, ಅಥವಾ ಎಣ್ಣೆ ಹಾಲು ಬೆರೆಸಿದ ಕಾಫಿಯಂತಿದ್ದರೆ ಹೆಡ್ ಗ್ಯಾಸ್ಕೆಟ್ಟಿನ ಶಂಕೆ ಪಡಬೇಕು. ಆಗ ಗ್ಯಾರೇಜಿನವರ ಮಾತು ಸರಿಯೆಂದು ಒಪ್ಪಿ. ಗೇರ್‌ಬಾಕ್ಸ್ ಮತ್ತು ಹಿಂದಿನ ಆಕ್ಸಲ್ ಹೌಸಿಂಗ್‌ನ ಎಣ್ಣೆಯನ್ನೂ ಹೀಗೆಯೇ ಬಾಟಲಿ ಹಿಡಿದು ಇಳಿಸಿ. ಹೌಸಿಂಗ್‌ನ ಮೇಲಿನ ಪುಟ್ಟ ಬ್ರೀದರ್ (ಗಾಳಿಯಾಡುವ ರಂಧ್ರ) ಮುಚ್ಚಿಹೋಗಿದ್ದರೆ ತೆರೆಯಿರಿ.

ಹೊಸ ಎಣ್ಣೆ, ಹೊಸ ಫಿಲ್ಟರ್ ಹಾಕಿ. ಏರ್ ಫಿಲ್ಟರ್ ಡಬ್ಬಿ ಬಿಚ್ಚಿ, ಅಲ್ಲಿಂದ ಟರ್ಬೊವರೆಗಿನ ಕೊಳವೆಯನ್ನೂ ಕಳಚಿ ಒಳಗೆ ಟಾರ್ಚ್ ಬಿಟ್ಟು ನೋಡಿ. ಬಹಳ ವರ್ಷಗಳ ಹಿಂದೆ ಹೀಗೇ ನಿಂತಿದ್ದ ಗಾಡಿಯೊಂದರ ಡಬ್ಬಿಯನ್ನಷ್ಟೇ ನೋಡಿ ಕೊಳವೆಯನ್ನು ನೋಡದೆ ನಾನು ಸ್ಟಾರ್ಟ್ ಮಾಡಿದೆ. ಕೊಳವೆಯ ಬಾಗಿನಲ್ಲಿ ಇಲಿ ಗೂಡು ಕಟ್ಟಿತ್ತು. ಅಡಿಕೆ ಸಿಪ್ಪೆ, ಬಟ್ಟೆಚೂರು ಎಲ್ಲವೂ ಟರ್ಬೊದ ರೆಕ್ಕೆಗೆ ಬಡಿದವು. ಆ ಮಾಲೀಕರ ನಷ್ಟವನ್ನು ನಾನೇ ತುಂಬಿಕೊಟ್ಟೆ, ಆ ಸಪ್ಪಳ ಇನ್ನೂ ನೆನಪಿದೆ.

ಆಮೇಲೆ ಎಂಜಿನ್ನನ್ನು ಕೈಯಿಂದ ತಿರುಗಿಸಬೇಕು. ಗೇರ್ ನ್ಯೂಟ್ರಲ್‌ನಲ್ಲಿಟ್ಟು, ಮುಂದಿನ ಕ್ರ್ಯಾಂಕ್ ಪುಲಿಯ ಬೋಲ್ಟಿಗೆ ಉದ್ದ ಹಿಡಿಯ ಸಾಕೆಟ್ ಹಾಕಿ, ಎದುರಿನಿಂದ ನೋಡಿದಾಗ ಗಡಿಯಾರದ ಮುಳ್ಳಿನ ದಿಕ್ಕಿಗೆ ನಿಧಾನವಾಗಿ ಎಳೆಯಿರಿ. ಎರಡು ಪೂರ್ತಿ ಸುತ್ತು ಆಗಬೇಕು, ಏಕೆಂದರೆ ನಾಲ್ಕೂ ಸಿಲಿಂಡರ್ ಒಮ್ಮೊಮ್ಮೆ ಒತ್ತಡದ ಹಂತ ದಾಟಲು ಕ್ರ್ಯಾಂಕ್ ಎರಡು ಸಲ ಸುತ್ತಬೇಕು. ಒತ್ತಡ ಬಂದು ಮೆಲ್ಲಗೆ ಸಡಿಲವಾಗುವುದು ಸಹಜ. ಕಲ್ಲಿಗೆ ತಾಗಿದಂತೆ ಒಂದೇ ಕಡೆ ನಿಂತರೆ ಅಲ್ಲೇ ಬಿಡಿ. ಸಿಲಿಂಡರಿನಲ್ಲಿ ನೀರು ಸೇರಿರಬಹುದು. ದ್ರವವನ್ನು ಒತ್ತಿ ಕುಗ್ಗಿಸಲಾಗುವುದಿಲ್ಲ, ಸ್ಟಾರ್ಟರ್ ಮೋಟರಿನ ಬಲಕ್ಕೆ ಕನೆಕ್ಟಿಂಗ್ ರಾಡ್ ಬಾಗಿಬಿಡುತ್ತದೆ. ಬ್ಯಾಟರಿ ಬೇಡವೆಂದು ಮೊದಲೇ ಹೇಳಿದ್ದು ಇದಕ್ಕೇ. ಇಂಥ ಸಂದರ್ಭದಲ್ಲಿ ಇಂಜೆಕ್ಟರುಗಳನ್ನು ಬಿಚ್ಚಿಸಿ, ಸಿಲಿಂಡರಿಗೆ ಒಂದೊಂದು ಚಮಚ ತೆಳು ಎಣ್ಣೆ ಬಿಟ್ಟು, ಎರಡು ದಿನ ಕಾದು ಮತ್ತೆ ತಿರುಗಿಸಿ. ಬಹುಪಾಲು ಎಂಜಿನ್‌ಗಳು ಇಷ್ಟಕ್ಕೇ ಬಿಡುತ್ತವೆ, ಇಳಿಸುವ ಪ್ರಮೇಯ ಬರುವುದಿಲ್ಲ.

ಡೀಸೆಲ್ ಟ್ಯಾಂಕನ್ನು ಖಾಲಿ ಮಾಡಿ, ಸಾಧ್ಯವಾದರೆ ಇಳಿಸಿಯೇ ತೊಳೆಯಿರಿ. ಡೀಸೆಲ್ಲಿಗೂ ಅದರ ತಳದ ನೀರಿಗೂ ನಡುವೆ ಸೂಕ್ಷ್ಮಜೀವಿಗಳು ಬೆಳೆದು ಕಪ್ಪು ಲೋಳೆ ಕಟ್ಟುತ್ತವೆ. ಆ ಲೋಳೆ ಫಿಲ್ಟರನ್ನು ಕಟ್ಟಿದರೆ, ನೀರು ಪಂಪನ್ನು ಕೆಡಿಸುತ್ತದೆ. ಇಂಜೆಕ್ಷನ್ ಪಂಪಿನ ಒಳಗಿನ ಸೂಕ್ಷ್ಮ ಭಾಗಗಳಿಗೆ ಡೀಸೆಲ್ಲೇ ಜಾರೆಣ್ಣೆ. ನೀರು ಹೊಕ್ಕರೆ ಉಕ್ಕಿಗೆ ಉಕ್ಕು ಉಜ್ಜುತ್ತದೆ. ಹಳೆಯ ಡೀಸೆಲ್ ಒಂದು ತೊಟ್ಟೂ ಪಂಪಿಗೆ ಹೋಗದಿರಲಿ. ಹೊಸ ಫಿಲ್ಟರ್ ಹಾಕಿ, ಅದರ ತಲೆಯ ಮೇಲಿನ ಕೈಪಂಪು ಒತ್ತುತ್ತ, ಏರ್ ಸ್ಕ್ರೂವಿನಿಂದ ಗುಳ್ಳೆಯಿಲ್ಲದ ಡೀಸೆಲ್ ಬರುವವರೆಗೆ ಗಾಳಿ ತೆಗೆಯಿರಿ. ನಿಮ್ಮದು ಹಳೆಯ ಮೆಕ್ಯಾನಿಕಲ್ ಪಂಪಿನ ಎಂಜಿನ್ ಆದರೆ ಇಷ್ಟು ಕೆಲಸ ಮನೆಯಲ್ಲೇ ಆಗುತ್ತದೆ. ಕಾಮನ್ ರೈಲ್ (ಕಂಪ್ಯೂಟರ್ ನಿಯಂತ್ರಣದ ಹೆಚ್ಚಿನ ಒತ್ತಡದ ಇಂಜೆಕ್ಷನ್) ಆಗಿದ್ದರೆ ಫಿಲ್ಟರಿನಿಂದಾಚೆಯ ಪೈಪುಗಳಿಗೆ ಕೈಹಾಕಬೇಡಿ. ಅಲ್ಲಿನ ಒತ್ತಡ ಸಾವಿರ ಬಾರ್ ದಾಟುತ್ತದೆ, ಕೂದಲೆಳೆಯಂಥ ಡೀಸೆಲ್ ಧಾರೆ ಚರ್ಮ ಸೀಳಿ ಮಾಂಸಕ್ಕೆ ಇಳಿಯುತ್ತದೆ.

ರೇಡಿಯೇಟರಿನಲ್ಲಿ ಕೂಲಂಟ್ ಬದಲು ಬಾವಿಯ ನೀರು ತುಂಬಿಸಿದ್ದರೆ ತುಕ್ಕುಬಣ್ಣದ ಕೆಸರು ಇಳಿಯುತ್ತದೆ. ತಿಳಿನೀರು ಬರುವವರೆಗೆ ತೊಳೆದು, ಕೂಲಂಟ್ ಮತ್ತು ಬಟ್ಟಿ ಇಳಿಸಿದ ನೀರನ್ನು ಸಮಸಮ ಬೆರೆಸಿ ತುಂಬಿ. ಥರ್ಮೋಸ್ಟಾಟ್ ಇದೆಯೇ ಎಂದು ತೆರೆದು ನೋಡಿ. ಬಿಸಿಯಾಗುತ್ತದೆಂದು ಅದನ್ನು ಕಿತ್ತು ಎಸೆಯುವ ಅಭ್ಯಾಸ ಎಷ್ಟೋ ಕಡೆ ಇದೆ, ನನಗೆ ಅದನ್ನು ಕಂಡರೆ ಸಿಟ್ಟು ಬರುತ್ತದೆ. ಅದಿಲ್ಲದ ಎಂಜಿನ್ ಹದವಾಗಿ ಬಿಸಿಯಾಗದೆ ಡೀಸೆಲ್ ಕುಡಿಯುತ್ತದೆ, ಬೇಗ ಸವೆಯುತ್ತದೆ.

ವೈರಿಂಗ್‌ನಲ್ಲಿ ಇಲಿ ಕಡಿದ ಜಾಗಗಳನ್ನು ಟೇಪು ಸುತ್ತಿ ಮುಚ್ಚದೆ, ಅಷ್ಟೇ ದಪ್ಪದ ತಂತಿ ಸೇರಿಸಿ ಬೆಸುಗೆ ಹಾಕಿ. ಅರ್ತ್ ಬೋಲ್ಟುಗಳನ್ನು ಬಿಚ್ಚಿ ಹೊಳೆಯುವಂತೆ ಉಜ್ಜಿ ಮತ್ತೆ ಬಿಗಿಯಿರಿ. ಹಳೆಯ ಗಾಡಿಯ ಅರ್ಧ ವಿದ್ಯುತ್ ತೊಂದರೆ ಅಲ್ಲೇ ಇರುತ್ತದೆ.

ಇಷ್ಟಾದ ಮೇಲೆ ನಿಮ್ಮ ಹೊಸ ಬ್ಯಾಟರಿ ತನ್ನಿ. ಮೊದಲ ಸಲ ಸ್ಟಾರ್ಟ್ ಆಗದಂತೆಯೇ ತಿರುಗಿಸಬೇಕು. ಮೆಕ್ಯಾನಿಕಲ್ ಪಂಪಿನಲ್ಲಿ ಡೀಸೆಲ್ ತಡೆಯುವ ಸ್ಟಾಪ್ ಸೊಲೆನಾಯ್ಡ್‌ನ ತಂತಿ ಕಳಚಿ, ಹತ್ತು ಸೆಕೆಂಡ್ ಕ್ರ್ಯಾಂಕ್ ಮಾಡಿ, ಒಂದು ನಿಮಿಷ ಬಿಡಿ. ಆಯಿಲ್ ದೀಪ ಆರುವವರೆಗೆ ಹೀಗೆ ಮಾಡಿದರೆ ಮೂರು ವರ್ಷ ಒಣಗಿದ್ದ ಬೇರಿಂಗುಗಳಿಗೆ ಎಣ್ಣೆ ತಲುಪುತ್ತದೆ. ನಂತರ ತಂತಿ ಜೋಡಿಸಿ ಸ್ಟಾರ್ಟ್ ಮಾಡಿ. ಗಾಳಿ ಎಳೆಯುವ ಬಾಯಿಯ ಬಳಿ ಒಬ್ಬರು ದಪ್ಪ ಹಲಗೆಯ ತುಂಡು ಹಿಡಿದು ನಿಂತಿರಲಿ. ಡೀಸೆಲ್ ಎಂಜಿನ್ ಕೀಲಿ ತೆಗೆದರೂ ನಿಲ್ಲದೆ ವೇಗ ಏರಿಸಿಕೊಳ್ಳುತ್ತ ಹೋದರೆ ಗಾಳಿ ಮುಚ್ಚುವುದೊಂದೇ ದಾರಿ, ಮತ್ತು ಅದನ್ನು ಎಂದೂ ಕೈಯಿಂದ ಮುಚ್ಚಬಾರದು. ಮೊದಲ ಕೆಲವು ನಿಮಿಷದ ಬಿಳಿ ಹೊಗೆಗೆ ಹೆದರಬೇಡಿ. ಅರ್ಧ ಗಂಟೆಯ ನಂತರವೂ ನೀಲಿ ಹೊಗೆ ಬರುತ್ತಿದ್ದು, ಆಯಿಲ್ ಮುಚ್ಚಳ ತೆಗೆದಾಗ ರಭಸವಾಗಿ ಗಾಳಿ ಬಡಿದರೆ ರಿಂಗುಗಳ ಮಾತು ಬರುತ್ತದೆ. ಎಂಜಿನ್ ಇಳಿಸಬೇಕೋ ಬೇಡವೋ ಎಂದು ತೀರ್ಮಾನಿಸುವ ಹೊತ್ತು ಅದೇ, ಅದಕ್ಕಿಂತ ಮೊದಲಲ್ಲ. ಕ್ಲಚ್ ಒತ್ತಿದರೂ ಗೇರ್ ಬೀಳದಿದ್ದರೆ ಕ್ಲಚ್ ಪ್ಲೇಟ್ ತುಕ್ಕಿನಿಂದ ಫ್ಲೈವೀಲಿಗೆ ಅಂಟಿದೆ ಎಂದು ತಿಳಿಯಿರಿ. ಎಂಜಿನ್ ಬಿಸಿಯಾದ ಮೇಲೆ ಸಾಮಾನ್ಯವಾಗಿ ಬಿಡುತ್ತದೆ.

ಹೊರಗೆ ಕೊಡಬೇಕಾದದ್ದು ಚಾಸಿ ವೆಲ್ಡಿಂಗ್, ಡ್ರಮ್ಮುಗಳನ್ನು ಲೇತ್‌ನಲ್ಲಿ ಸಮ ಮಾಡಿಸುವುದು, ಪಂಪು ಮತ್ತು ಇಂಜೆಕ್ಟರುಗಳ ಪರೀಕ್ಷೆ, ಕೊನೆಗೆ ವೀಲ್ ಅಲೈನ್‌ಮೆಂಟ್. ಇವುಗಳಿಗೆ ಯಂತ್ರ ಬೇಕು.

ವಿಮೆ ಮತ್ತು ಎಫ್‌ಸಿ ಆಗುವವರೆಗೆ ನಿಮ್ಮ ತೋಟದ ದಾರಿಯಲ್ಲೇ, ಖಾಲಿ ಗಾಡಿಯಲ್ಲಿ ಬ್ರೇಕ್ ನೋಡಿ. ಎಂಜಿನ್ ಆಫ್ ಮಾಡಿ ಇಳಿಜಾರಿನಲ್ಲಿ ಬಿಡಬೇಡಿ; ಬ್ರೇಕಿಗೆ ನೆರವಾಗುವ ವ್ಯಾಕ್ಯೂಮ್ ಪಂಪ್ ಎಂಜಿನ್‌ನಿಂದ ತಿರುಗುತ್ತದೆ, ಅದು ನಿಂತರೆ ಪೆಡಲ್ ಕಲ್ಲಾಗುತ್ತದೆ. ಪ್ರತಿ ಓಡಾಟದ ನಂತರ ನಾಲ್ಕೂ ಹಬ್‌ಗಳ ಹತ್ತಿರ ಅಂಗೈ ಹಿಡಿದು ಹೋಲಿಸಿ ನೋಡಿ. ಒಂದು ಮಾತ್ರ ಉಳಿದವಕ್ಕಿಂತ ಹೆಚ್ಚು ಕಾದಿದ್ದರೆ ಆ ಚಕ್ರದ ಬ್ರೇಕ್ ಹಿಡಿಯುತ್ತಿದೆ ಅಥವಾ ಬೇರಿಂಗ್ ಬಿಗಿಯಾಗಿದೆ. ಐವತ್ತು ಕಿಲೋಮೀಟರ್ ಆದ ಮೇಲೆ ವೀಲ್ ನಟ್ಟುಗಳನ್ನೂ ಬ್ಲೇಡ್ ಸೆಟ್ಟಿನ ಯು-ಬೋಲ್ಟುಗಳನ್ನೂ ಮತ್ತೊಮ್ಮೆ ಬಿಗಿ ಮಾಡಿ. ಬ್ಲೇಡ್ ಬ್ರಾಕೆಟ್‌ಗಳ ಬುಡದ ಸ್ಥಿತಿ ಹೇಗಿದೆಯೆಂದು ಸುತ್ತಿಗೆ ಪರೀಕ್ಷೆ ಮುಗಿದ ಕೂಡಲೇ ಬರೆಯಿರಿ. ಅಲ್ಲಿ ಅನುಮಾನವಿದ್ದರೆ ಉಳಿದ ಸಾಮಾನುಗಳನ್ನು ಕೊಳ್ಳುವುದನ್ನು ನನ್ನ ಉತ್ತರ ಬರುವವರೆಗೆ ತಡೆಹಿಡಿಯಿರಿ.